ಇಲ್ಲದ ಆನೆ

ವಿರಾಜಪೇಟೆಯ ಆನೆ ನಿಗಾ ಕೊಠಡಿಯಲ್ಲಿ ನನ್ನ ಕೆಲಸ ಇಷ್ಟೇ:
ಕಾವಲಿನವರು ಫೋನಿನಲ್ಲಿ ಹೇಳಿದ್ದನ್ನು ಎರಡು ಸಾಲಿಗಿಳಿಸಿ
ಆರುನೂರ ಹನ್ನೆರಡು ನಂಬರಿಗೆ ಕಳಿಸುವುದು.
'ದೇವರಪುರ ಬದಿ ಮೂರು ಆನೆ, ಒಂದು ಮರಿ.
ಬೆಳಿಗ್ಗೆ ಏಳರವರೆಗೆ ತೋಟಕ್ಕಿಳಿಯಬೇಡಿ.'
ವಿಶೇಷಣ ಇಲ್ಲ. ಉಪಮೆ ಇಲ್ಲ.
ಆನೆ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ,
ಎಲ್ಲಿ ಅಂತ ಮಾತ್ರ.

ರಾಜ್ಯೋತ್ಸವದ ಬಾವುಟ ಇಳಿಸಿ ಮಡಚಿಟ್ಟ ರಾತ್ರಿ ಪಣ ತೊಟ್ಟೆ:
ಮೂವತ್ತು ದಿನ, ಐವತ್ತು ಸಾವಿರ ಪದ, ಒಂದು ಕಾದಂಬರಿ.
ಭಾಗಿಸಿದರೆ ದಿನಕ್ಕೆ ಸಾವಿರದ ಆರುನೂರ ಅರವತ್ತೇಳು.
ಕನ್ನಡಕ್ಕೆ ಇದು ಅನ್ಯಾಯದ ಲೆಕ್ಕ.
ರೈಲು ಕಾಣದ ಜಿಲ್ಲೆಯವಳು ನಾನು, ಆದರೂ ಹೇಳುತ್ತೇನೆ,
ನಮ್ಮ ಪದಗಳು ಬೋಗಿಯ ಹಾಗೆ, ಒಂದಕ್ಕೊಂದು ಕೊಕ್ಕೆ.
ಹೊರಟುಹೋಗಿದ್ದಾಳೆ ಅಂದರೆ ಒಂದೇ.
ಐದನೇ ದಿನದಿಂದ ಕೊಕ್ಕೆ ಬಿಚ್ಚತೊಡಗಿದೆ:
ಹೊರಟು. ಹೋಗಿ. ಇದ್ದಾಳೆ.
ಒಬ್ಬಳೇ ಹೋದವಳು ಮೂವರಾದಳು.

ಹೋದವಳು ಪೂವಿ.
ಗಂಡನ ಕೋವಿ ಮಾರಿ ತೆಪ್ಪ ಕೊಂಡವಳು,
ಕರಡಿಗೋಡಿನ ಹೊಳೆಯಲ್ಲಿ ಜನ ದಾಟಿಸುವವಳು.
ದಿನದ ಪುಟ ಜೀಪಿನ ಕುಞ್ಞಾಲಿಗೆ ಹೋಗುತ್ತಿತ್ತು.
ಅವನಿಗೆ ಕನ್ನಡ ಓದು ನಿಧಾನ;
ಎರಡು ದಿನ ಬಿಟ್ಟು ಪ್ರಶ್ನೆ ಬರುವುದು:
'ತೆಪ್ಪಕ್ಕೆ ಹುಟ್ಟು ಯಾಕೆ, ಗಳ ಅಲ್ವಾ?'
ಹುಟ್ಟು ತೆಗೆದು ಗಳ ಹಾಕಿದೆ.
ಪದ ಒಂದೂ ಹೆಚ್ಚಲಿಲ್ಲ.

ಹದಿನಾಲ್ಕರ ರಾತ್ರಿ, ನಿದ್ದೆಗಣ್ಣು, ಬೆರಳು ಜಾರಿತು.
ಕುಞ್ಞಾಲಿಗೆ ಹೋಗಬೇಕಾದ್ದು ಆರುನೂರ ಹನ್ನೆರಡು ಮನೆಗೆ ಹೋಯಿತು:
'ಒಂಟಿ ಸಲಗ ಹೊಳೆ ದಾಟಿ ಬರುತ್ತಿದೆ.
ಅದರ ಬೆನ್ನಿನ ಮೇಲೆ ಬೆಳದಿಂಗಳು ಒದ್ದೆಯಾಗಿದೆ.
ಪೂವಿ ಗಳ ಎತ್ತಲಿಲ್ಲ.'

ಬೆಳಿಗ್ಗೆ ಕರಡಿಗೋಡಿನಲ್ಲಿ ಲೈನ್‌ಮನೆಯ ಬಾಗಿಲು ತೆರೆಯಲಿಲ್ಲ.
ಕೆಂಪಾದ ಕಾಫಿ ಗಿಡದಲ್ಲೇ ಉಳಿಯಿತು.
ತೋಟದ ದೇಚಕ್ಕ ಫೋನು ಮಾಡಿ ಬೈದರು,
ಬೈದು ಮುಗಿಸಿ, 'ಅಮಾವಾಸ್ಯೆ ಬುಡದಲ್ಲಿ
ಎಲ್ಲಿಯ ಬೆಳದಿಂಗಳು, ಹುಡುಗಿ?' ಅಂದರು.
ಸಾಹೇಬರು ಮೆಮೊ ಕೊಟ್ಟರು:
ಸರ್ಕಾರಿ ನಂಬರಿನಿಂದ ಇಲ್ಲದ ಆನೆ ಬಿಟ್ಟದ್ದೇಕೆ?
ಇನ್ನೂರ ಹನ್ನೆರಡು ಪದದ ವಿವರಣೆ ಬರೆದುಕೊಟ್ಟೆ.
ರಾತ್ರಿ ಅದನ್ನೂ ಲೆಕ್ಕಕ್ಕೆ ಸೇರಿಸಿದೆ.

ಸಂಜೆ ಇನ್ನೊಂದು ಫೋನು. ಎರವರ ಮುತ್ತೆ,
ಮೊಮ್ಮಗ ಹಿಡಿದುಕೊಟ್ಟ ಫೋನಿನಲ್ಲಿ, ಜೋರಾಗಿ:
'ಆ ಹೆಂಗಸು ಬದುಕಿದಳಾ?'
ಇನ್ನೂ ಬರೆದಿಲ್ಲ ಅಂದೆ.
ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು.
'ನಮ್ಮವರು ಹೋದಾಗ ಎರಡು ಸಾಲು ಬಂತು.
ಮೊಮ್ಮಗ ಓದಿದ. ಹೆಸರೂ ಇರಲಿಲ್ಲ.'

ಆ ಎರಡು ಸಾಲು ನನ್ನವು.
ಹೋದ ವರ್ಷ, ಫೆಬ್ರವರಿ. ಕಾಗುಣಿತ ಸರಿಯಾಗಿತ್ತು.

ನಾಲ್ಕು ದಿನ ಒಂದು ಪದವೂ ಬರಲಿಲ್ಲ.
ಐದನೇ ದಿನ ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದೆ,
ಕೊಕ್ಕೆ ಬಿಚ್ಚದೆ, ಮಾತು ಬಂದ ಹಾಗೆ.
ಮುತ್ತೆ ತಿದ್ದಿದಳು: ಆನೆ ಮೊದಲು ಕಾಣುವುದಿಲ್ಲ,
ಮೊದಲು ವಾಸನೆ, ಆಮೇಲೆ ಬಿದಿರು ಮುರಿದ ಸದ್ದು,
ಆಮೇಲೆ ಸದ್ದೇ ಇರುವುದಿಲ್ಲ.
ಪುತ್ತರಿ ರಾತ್ರಿ ಓದುವಾಗ ಢಂ ಅಂತ ಗುಂಡು.
ಇಬ್ಬರೂ ಬೆಚ್ಚಿದೆವು. ಆನೆಗಲ್ಲ, ಹೊಸ ಕದಿರಿಗೆ.
ಮುತ್ತೆ ನಕ್ಕಳು: 'ಓದು, ಓದು.'

ಮೂವತ್ತಕ್ಕೆ ಎಣಿಸಿದೆ: ಮೂವತ್ತೊಂದು ಸಾವಿರದ ನಾನೂರ ಹದಿನೆಂಟು.
ಸೋತೆ. ಪೂವಿ ಇನ್ನೂ ನಡುಹೊಳೆಯಲ್ಲೇ ಇದ್ದಾಳೆ.
'ನಾಳೆಯಿಂದ ಕೊಯ್ಲು ಜೋರು,' ಅಂದಳು ಮುತ್ತೆ,
'ಎಂಟು ಗಂಟೆ ಮೇಲೆ ಫೋನು ಮಾಡು.'

ನಡುರಾತ್ರಿ ಕಾವಲಿನವನ ಕರೆ. ಕರಡಿಗೋಡು ಬದಿ ಒಂದು ಆನೆ.
ಈ ಸಲ ಇದೆ.
ಹೇಗಿದೆ, ಕೇಳಿದೆ.
'ಹೇಗಿದೆ ಅಂದ್ರೆ?' ಅಂದ. ಆಮೇಲೆ ಟಾರ್ಚು ಹಾಕಿರಬೇಕು:
'ಎಡಗಿವಿ ಹರಿದಿದೆ, ಮೇಡಂ. ಸುಮ್ಮನೆ ನಿಂತಿದೆ.'
ಕಳಿಸಿದ್ದು ಎರಡೇ ಸಾಲು.
ಕಿವಿಯನ್ನು ಮುತ್ತೆಗೆ ಇಟ್ಟುಕೊಂಡಿದ್ದೇನೆ.