ಮೂರು ನಿಮಿಷ

ನೋಟಿಸು ಅಂಟಿಸಿದ್ದು ಮೀನು ಮಾರುಕಟ್ಟೆಯ ಗೋಡೆಗೆ.
ಹಿಡಿದದ್ದನ್ನು ಹೊಳೆಗೇ ಬಿಡುವವನಿಗೆ
ಮಾರುಕಟ್ಟೆಯಲ್ಲಿ ಏನು ಕೆಲಸ?
ಸುದ್ದಿ ತಂದವನು ಬೇಕರಿಯ ಲಾಜರ್,
ಕೈಯ ಹಿಟ್ಟು ತೊಳೆಯದೆ ಅಂಗಡಿಗೆ ಬಂದ:
"ಮಂಗಳವಾರ ಹನ್ನೊಂದಕ್ಕೆ ಪುರಭವನದಲ್ಲಿ ಅಹವಾಲು ಸಭೆ,
ಹೇಮಾವತಿಯ ಮೀನಿನ ಬಗ್ಗೆ.
ಯಾರು ಬೇಕಾದರೂ ಮಾತಾಡಬಹುದಂತೆ."
ಬಿಚ್ಚಿಟ್ಟ ಗಡಿಯಾರದಿಂದ ತಲೆಯೆತ್ತಿದೆ.
ಯಾರು ಬೇಕಾದರೂ ಅಂದರೆ, ನಾವೂ?

ನಾವು ಅಂದರೆ ಸಕಲೇಶಪುರದ ಐದು ಜನ.
ಲಾಜರ್, ನಾನು, ಕಂಡಕ್ಟರ್ ಹೂವಣ್ಣ,
ವಿಮೆ ಮಾಡಿಸುವ ಗುಲ್ಜಾರ್ ಸಾಹೇಬರು,
ಮತ್ತೆ ಡ್ರಿಲ್ ಮೇಷ್ಟ್ರ ಮಗಳು ಚಂಪಕಾ.
ಗಾಳ ಎಸೆದರೆ ಅವಳದ್ದೇ ಎಲ್ಲರಿಗಿಂತ ದೂರ,
ಈ ಮಾತು ನಾವು ಹೊರಗೆ ಆಡುವುದಿಲ್ಲ.
ಭಾನುವಾರ ಬೆಳಕು ಹರಿಯುವ ಮೊದಲು
ಬೆಂದ ರಾಗಿಹಿಟ್ಟಿನ ಉಂಡೆ ಕೊಕ್ಕೆಗೆ ಸಿಕ್ಕಿಸಿ
ಸೇತುವೆಯ ಕೆಳಗೆ ಸುಮ್ಮನೆ ಕೂರುವವರು.
ಮದುವೆ ಮನೆಯಲ್ಲಿ ನಗುತ್ತಾರೆ:
"ಹಿಡಿಯೋದು, ಬಿಡೋದು!
ಸಾರು ಏನು, ಬರೀ ನೀರಿಂದಾ?"

ವೇದಿಕೆಯ ಮೇಲೆ ನಾಲ್ಕು ಕುರ್ಚಿ, ಒಂದು ಖಾಲಿ.
ಗೋಡೆ ಗಡಿಯಾರ ಒಂಬತ್ತು ನಿಮಿಷ ಹಿಂದೆ;
ಏಣಿ ಸಿಕ್ಕಿದ್ದರೆ ಹತ್ತಿಬಿಡುತ್ತಿದ್ದೆ.
ಮುಂದಿನ ಸಾಲಲ್ಲಿ ಸೊಸೈಟಿಯ ಬಲೆಯವರು, ಇಸ್ತ್ರಿ ಅಂಗಿಯಲ್ಲಿ.
ಹಿಂದೆ ನಾವು, ಟೋಪಿ ತೊಡೆಯ ಮೇಲೆ.
ಸಹಾಯಕ ನಿರ್ದೇಶಕರು ಓದಿದರು:
ಮಳೆಗಾಲದಲ್ಲಿ ಎರಡು ತಿಂಗಳು ಮೀನು ಹಿಡಿಯಕೂಡದು,
ಬಲೆಯ ಕಣ್ಣು ಸಣ್ಣದಿರಕೂಡದು,
ತೋಟೆ ಸಿಡಿಸಿದರೆ ಜೈಲು,
ಗಾಳಕ್ಕೂ ಇನ್ನು ಲೈಸೆನ್ಸು.
ಅಹವಾಲಿಗೆ ತಲಾ ಮೂರು ನಿಮಿಷ.

ಚೀಲದಿಂದ ನೋಟ್‌ಬುಕ್ಕು ತೆಗೆದೆ.
ಹತ್ತೊಂಬತ್ತು ವರ್ಷದ್ದು.
ತಾರೀಖು, ನೀರಿನ ಬಣ್ಣ, ಮೀನಿನ ಉದ್ದ.
ಮೊದಲ ಪುಟದ ಬಿಳಿಮೀನು ನನ್ನ ಮಗಳ ಎತ್ತರ,
ಆಗ ಅವಳಿಗೆ ನಾಲ್ಕು.
ಕೊನೆಯ ಪುಟದ್ದು ಅವಳ ಅಂಗೈ.
ಇಷ್ಟು ಹೇಳುವಷ್ಟರಲ್ಲಿ ಎರಡು ನಿಮಿಷ ಕಳೆಯಿತು.
"ಇದಕ್ಕೆ ಸೀಲು, ಸಹಿ ಏನಾದರೂ?" ಎಂದರು ಸಾಹೇಬರು.
ಒಣಗಿದ ಲೋಳೆಗೆ ಅಂಟಿಕೊಂಡ
ಒಂದು ಹುರುಪೆ ತೋರಿಸಿದೆ.
ಯಾರೋ ಕೆಮ್ಮಿದರು.

ಸರದಿ ಕಾಯದೆ ಎದ್ದಳು ನಿಂಗಾಜಮ್ಮ.
"ಸ್ವಾಮಿ, ಈಯಪ್ಪ ಬಿಟ್ಟ ಮೀನು ನನ್ನ ಬಲೆಗೆ ಬತ್ತದೆ.
ತುಟಿ ಹರಿದಿರ್ತದೆ.
ತುಟಿ ಹರಿದದ್ದಕ್ಕೆ ಗಿರಾಕಿ ಹತ್ತು ರೂಪಾಯಿ ಕಮ್ಮಿ ಕೊಡ್ತಾನೆ.
ನಾನು ಹೊಟ್ಟೆಗೆ ಹಿಡೀತೀನಿ.
ನೀನು ಯಾತಕ್ಕಪ್ಪಾ ಹಿಡೀತೀಯ?"

ನನ್ನದಿನ್ನೂ ಒಂದು ನಿಮಿಷ ಇತ್ತು.
ದಾರ ಬಿಗಿಯಾದ ಗಳಿಗೆ
ಹೊಳೆಯೇ ಕೈ ಹಿಡಿದು ಜಗ್ಗಿದ ಹಾಗೆ ಇರುತ್ತದೆ, ತಾಯಿ.
ಅಷ್ಟಕ್ಕೇ.
ಹೇಳಲಿಲ್ಲ. ತುಟಿ ಅಲುಗಿತು, ಅಷ್ಟೆ.
ಗುಮಾಸ್ತ ಬರೆದುಕೊಂಡ:
ಹವ್ಯಾಸಿಗಳ ಅಭಿಪ್ರಾಯ ಸ್ವೀಕರಿಸಲಾಗಿದೆ.

ಆಚೆ ಚಹಾದ ಹತ್ತಿರ ಅವಳೇ ಬಂದಳು.
"ಆ ದೊಡ್ಡದು, ಮೊದಲನೇದು, ಎಲ್ಲಿ ಸಿಕ್ತು?"
ಲಾಜರನಿಗೂ ಹೇಳಿರದ ಜಾಗ.
ಹೇಳಿದೆ: ಎಮ್ಮೆಮಡು, ಬಂಡೆಯ ಎಡಕ್ಕೆ.
ಗ್ಲಾಸು ಕೆಳಗಿಟ್ಟು ನಕ್ಕಳು.
"ನಮ್ಮಪ್ಪನ ಮಡು ಅದು.
ಅಲ್ಲಿ ಮಾತ್ರ ಆತ ಬಲೆ ಬಿಡ್ತಿರಲಿಲ್ಲ.
ಯಾಕೆ ಅಂದರೆ, ಇರಲಿ ಬಿಡು ಅಂತಿದ್ದ."

ಲೈಸೆನ್ಸಿನ ಅರ್ಜಿ ಇನ್ನೂ ಅಚ್ಚಾಗಿಲ್ಲ.
ಆ ರಾತ್ರಿ ಅಂಗಡಿಯ ಬಾಗಿಲು ಎಳೆದು,
ಮಸೂರ ಕಣ್ಣಿಗಿಟ್ಟು,
ಮುಳ್ಳು ಗಡಿಯಾರದ ಸಣ್ಣ ಅರದಿಂದ
ಕೊಕ್ಕೆಗಳ ಹಿಮ್ಮುಳ್ಳು ಒಂದೊಂದೇ ತೇಯ್ದೆ.
ಹದಿನಾಲ್ಕು ಕೊಕ್ಕೆ.
ಇನ್ನು ಮೇಲೆ ಜಾರಿ ಹೋಗುವುದೇ ಜಾಸ್ತಿ
ಎಂದು ಲಾಜರ್ ಗೊಣಗಿದ.
ಹೋಗಲಿ.