ಒತ್ತು

ತೋಟದಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಬರೆದದ್ದು ಇಷ್ಟೇ: ಹಾಜರಿ, ಗೊಬ್ಬರದ ಲೆಕ್ಕ,
ಆನೆ ಮುರಿದ ಬಾಳೆ ಎಷ್ಟು, ಬೈನೆ ಎಷ್ಟು,
ಅರಣ್ಯ ಇಲಾಖೆಗೆ ವರ್ಷಕ್ಕೆ ನಾಲ್ಕು ಕಾಗದ
ದೊರೆಯ ಪರವಾಗಿ, ಇಂಗ್ಲಿಷಿನಲ್ಲಿ.

ಅದರಲ್ಲಿ ನನ್ನ ಕೈ ಪಳಗಿದ್ದು.
ಮೊದಲ ಕಾಗದಕ್ಕೆ ‘ಕೈಂಡ್ ನೋಟಿಸ್’,
ಎರಡನೆಯದಕ್ಕೆ ‘ರಿಗ್ರೆಟ್’,
ಮೂರನೆಯದಕ್ಕೆ ಚಿಟಿಕೆ ‘ಸ್ಟ್ರಾಂಗ್ಲಿ’, ಉಪ್ಪಿನ ಹಾಗೆ,
ನಾಲ್ಕಕ್ಕೂ ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’.
ಬೈದ ಮೇಲೂ ನಂಬಿಗಸ್ತ.
ಆನೆ ಯಾವುದನ್ನೂ ಓದಲಿಲ್ಲ. ಇಲಾಖೆಯೂ.

ಜನವರಿಯ ಒಂದು ಸಂಜೆ, ಪಾಲಿಬೆಟ್ಟದ ಕಡೆಯ ಬ್ಲಾಕಿನಲ್ಲಿ
ರೊಬಸ್ಟಾ ತೂಗಿ ಮೇಸ್ತ್ರಿ ತ್ರಾಸು ಇಳಿಸಿದ ಮೇಲೆ
ಬೊಳ್ಚಿ ಆಫೀಸಿನ ಮೆಟ್ಟಿಲಿಗೆ ಬಂದಳು,
ಬೆರಳಿಗೆ ಹತ್ತಿದ ಹಣ್ಣಿನ ಅಂಟು ಸೆರಗಿಗೆ ಒರೆಸುತ್ತ.
“ರೈಟ್ರೇ, ಚೀಲಕ್ಕೆ ಮೂರು ಕಿಲೋ ತಿನ್ನುತ್ತದೆ ಆ ಮುಳ್ಳು.
ದೊರೆಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ.”

ಕಾಗದ ಎಳೆದೆ. ಮೊದಲು ಬಂದ ಪದ ‘ಡಿಸ್ಕ್ರೆಪೆನ್ಸಿ’.
ಒಳ್ಳೆಯ ಪದ. ಅದರೊಳಗೆ ಯಾರೂ ಇಲ್ಲ.
ಮುಳ್ಳು ತಿರುಚಿದ ಬೆರಳಿಲ್ಲ, ಚೀಲ ಹೊತ್ತ ಕತ್ತಿಲ್ಲ,
ತೂಕ ತಾನಾಗಿಯೇ ಇಬ್ಬನಿಯ ಹಾಗೆ ಆರಿಹೋಗಿದೆ.

‘ಕಂಪ್ಲೇಂಟ್’ ಅನ್ನಲೇ ಅಂದೆ.
“ಬೇಡ. ಸಿದ್ದಾಪುರದ ಡಾಕ್ಟರು ಅದನ್ನೇ ಕೇಳುವುದು,
ಏನಮ್ಮ ಕಂಪ್ಲೇಂಟು? ಸೊಂಟ ಅಂದರೆ ಮಾತ್ರೆ ಕೊಡುತ್ತಾರೆ.
ಈಗ ಕಾಯಿಲೆ ನನ್ನದಲ್ಲ, ತ್ರಾಸಿನದು.”
‘ಗ್ರೀವನ್ಸ್’ ಇತ್ತು. ಅದಕ್ಕೆ ಮಡಿಕೇರಿಯಲ್ಲೊಂದು ಪೆಟ್ಟಿಗೆ,
ಪೆಟ್ಟಿಗೆಗೆ ಬೀಗ, ಕೀಲಿ ಯಾರ ಜೇಬಿನಲ್ಲೋ.
ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ಎಂದು ಕೇಳಿದೆ.
ಒಂದೇ ಪದ ಅಂದಳು. ಮೆಟ್ಟಿಲ ಕೆಳಗಿನ ನಾಯಿ ತಲೆಯೆತ್ತಿತು.
ಅದರ ಸ್ಪೆಲ್ಲಿಂಗ್ ನನ್ನಲ್ಲಿರಲಿಲ್ಲ.

ಕೊನೆಗೆ ‘ಅಬ್ಜೆಕ್ಟ್’.
ಸಿಸ್ಟರ್ ಫಿಲೋಮಿನಾ ಮೇಜು ಕುಟ್ಟಿ ಕಲಿಸಿದ್ದು:
ಒತ್ತು ಮುಂದೆ ಬಿದ್ದರೆ ಅದೊಂದು ವಸ್ತು,
ಮೇಜು, ಬುಟ್ಟಿ, ಬಾಗಿಲ ಬಳಿ ನಿಂತದ್ದು;
ಒತ್ತು ಹಿಂದೆ ಬಿದ್ದರೆ ತಕರಾರು.
ಅಕ್ಷರ ಅವೇ ಆರು,
ಭಾರ ಎಲ್ಲಿ ಬೀಳುತ್ತದೆ ಅನ್ನುವುದಷ್ಟೇ.
ಬೊಳ್ಚಿಗೆ ಬಿಡಿಸಿ ಹೇಳಿದೆ. ನಕ್ಕಳು.
“ನಾನು ಹೇಳಿದ್ದೂ ಅದನ್ನೇ ಅಲ್ಲವೇ?”

ಬರೆಯುವಾಗ ಕೈ ತಡೆಯಿತು.
ಹತ್ತೊಂಬತ್ತು ಕೊಯ್ಲಿನ ಆ ಅಂಕಿಗಳು
ನನ್ನ ಅಕ್ಷರದಲ್ಲೇ ಇವೆ, ದುಂಡಗೆ, ನೀಲಿ ಶಾಯಿಯಲ್ಲಿ.
ಮೇಸ್ತ್ರಿ ಕೂಗಿದ್ದು, ನಾನು ಇಳಿಸಿದ್ದು.
ಅವಳಿಗೆ ಗೊತ್ತಿತ್ತೋ ಏನೋ.
ಗೊತ್ತಿದ್ದೇ ನನ್ನ ಹತ್ತಿರ ಬಂದಳೋ.

ಕಾಗದ ದೊರೆಯ ಮೇಜು ಸೇರಿತು.
ಆನೆ ಓದಿದಷ್ಟು ಓದಿದರು.

ಶನಿವಾರ ಬಟವಾಡೆ.
ಬೊಳ್ಚಿ ನೋಟು ಎಣಿಸಿದಳು, ಕುಂಕುಮದ ಹಾಗೆ
ಶಾಯಿ ಮುಟ್ಟಿ ಎಡ ಹೆಬ್ಬೆಟ್ಟು ಒತ್ತಿದಳು.
ಅದರ ಕೆಳಗೆ, ಯಾರೂ ಹೇಳದೆ, ಬರೆದೆ:
‘ಅಂಡರ್ ಪ್ರೊಟೆಸ್ಟ್’.
“ಏನದು?”
ತೆಗೆದುಕೊಂಡೆ, ಆದರೆ ಒಪ್ಪಲಿಲ್ಲ, ಅಂತ.
“ಎರಡೇ ಪದಕ್ಕೆ ಅಷ್ಟೆಲ್ಲ ಬರುತ್ತದೆಯೇ?”
ಬರುತ್ತದೆ.
ಹಿಂದಿದ್ದವಳು “ನನಗೂ” ಅಂದಳು. ಅವಳ ಹಿಂದಿನವಳು
ಏನೂ ಅನ್ನದೆ ಬೆರಳು ತೋರಿಸಿದಳು.

ಬೊಳ್ಚಿ ಹೋಗದೆ ಕಿಟಕಿ ಹಿಡಿದು ನಿಂತಿದ್ದಳು.
“ರೈಟ್ರೇ, ಇಷ್ಟು ವರ್ಷ ಒತ್ತಿದ್ದಕ್ಕೂ
ಬರೆಯಲಿಕ್ಕಾಗುತ್ತದೆಯೇ ಅದನ್ನು?”

ಹೊರಗೆ ಜೀಪು ಗೇಟು ದಾಟುವ ಸದ್ದು.
ಬೀರುವಿನಿಂದ ಹಳೆಯ ಪುಸ್ತಕ ತೆಗೆದೆ.
ಮಳೆಗಾಲದ ತೇವಕ್ಕೆ ಪುಟಗಳು ಅಂಟಿಕೊಂಡಿದ್ದವು.
ಬೆರಳಿಗೆ ಉಗುಳು ಹಚ್ಚಿ
ಒಂದೊಂದೇ ಬಿಡಿಸತೊಡಗಿದೆ.