ಬೆಳಕಿಂಡಿ

ಪೈಪಿನ ತುಕ್ಕು ಅಂಗೈಗೆ ಹತ್ತಿದರ
ಎರಡು ದಿನ ಬಿಡೂದಿಲ್ಲ.
ರೊಟ್ಟಿ ಮುರಿದರ ಕಬ್ಬಿಣದ ವಾಸನಿ.
ಆದರೂ ನನ್ನನ್ನ ಹತ್ತಸತಿದ್ದರು. ಮಣ್ಣಿನ ಮಾಳಿಗಿ,
ದೊಡ್ಡವರು ಕಾಲಿಟ್ಟರ ಜಂತಿ ಕಿರ್ ಅಂತಿತ್ತು.
ನನ್ನ ವಜ್ಜಕ್ಕ ಅದು ಏನೂ ಅಂತಿರಲಿಲ್ಲ.

ಬೆಟಗೇರಿಯ ನಮ್ಮ ಓಣಿಗೆಲ್ಲಾ ಒಂದ ಟೀವಿ,
ಅಂಬಾಸಾ ಬಾಕಳೆಯವರ ಮನಿಯೊಳಗ.
ಕಟಗಿ ಪೆಟಗಿ, ಎರಡು ಕದ, ಕದಕ್ಕ ಕೀಲಿ,
ಕೀಲಿಕೈ ಅವರ ಉಡದಾರದಾಗ.
ವರ್ಷಕ್ಕೊಮ್ಮೆ ದಿಲ್ಲಿಯೊಳಗ
ಟೀವಿಯವರು ಟೀವಿಯವರಿಗೇ ಬಹುಮಾನ ಕೊಡೂ ರಾತ್ರಿ
ಓಣಿಯ ಮಗ್ಗ ಎಲ್ಲಾ ಒಂಬತ್ತಕ್ಕ ನಿಲ್ಲತಿದ್ದವು,
ಲಾಳಿ ಸಪ್ಪಳ ಇಲ್ಲದ್ದಕ್ಕ ನಾಯಿ ಗಾಬರಿಯಾಗಿ ಬೊಗಳತಿದ್ದವು.
ಹಿಂದಿ ಯಾರಿಗೂ ಪೂರಾ ಬರತಿರಲಿಲ್ಲ,
ಇಂಗ್ಲಿಷಂತೂ ಗದಗ ಸ್ಟೇಷನ್ನಿನ ಆಚೀಕಿನ ಮಾತು.
ಚಪ್ಪಾಳಿ ಒಂದು ತಿಳೀತಿತ್ತು.

"ಬಂತೇನ್ರೀ?"
ಕಿಂಡಿಗೆ ಬಾಯಿ ಇಟ್ಟು ಕೇಳತಿದ್ದೆ.
"ಬಂತು... ತಡಿ... ಹೋತು.
ಹುಬ್ಬಳ್ಳಿ ಕಡೆ ಒಂಚೂರು ತಿರುವು.
ಏ, ಅಷ್ಟಲ್ಲೋ! ಹುಬ್ಬಳ್ಳಿ ದಾಟಿಸಿಬಿಟ್ಟೆಲ್ಲ!"

ಪೈಪಿನ ಬುಡಕ್ಕ ಬೆಳಕಿಂಡಿ.
ಅದರೊಳಗಿಂದ ನನಗ ಕಾಣೂದು ಬರೇ ತಲಿಗಳು.
ಎಣ್ಣಿ ಹಚ್ಚಿದ ಬೈತಲಿ, ಬೋಳು, ಮಫ್ಲರು,
ತೆರೆದ ಬಾಯಿಲೆ ಮಲಗಿದ ಕೂಸು, ಅಂಬಾಸಾನ ಕರಿ ಟೊಪಗಿ.
ಎಲ್ಲಾದರ ಮ್ಯಾಲ ನೀಲಿ ಬೆಳಕು ತುಳಕತಿತ್ತು
ಬಾವಿಯೊಳಗ ಯಾರೋ ಕೊಡಾ ಬಿಟ್ಟಾಂಗ.
ಟೀವಿ ಕಾಣತಿರಲಿಲ್ಲ. ಅದರ ಬೆನ್ನು ಸೈತ.

ಚಲೋ ನಟಿ ಯಾರು ಅಂತ ಹೇಳೂ ಹೊತ್ತು. ಗಾಳಿ ಬಿತ್ತು.
ನಾ ಪೈಪನ್ನ ತೆಕ್ಕಿ ಬಡಕೊಂಡೆ.
"ಹಾಂ! ಹಾಂಗ ಇರು! ಬಿಡಬ್ಯಾಡ!
ನೀ ಹಿಡಕೊಂಡರ ಚೊಕ್ಕ ಬರತೈತಿ,
ಬಿಟ್ಟರ ಆಕಿ ಮಾರಿ ತುಂಬ ಇರುವಿ!"
ಹಿಂಗಾಗಿ ದಿಲ್ಲಿಯ ಆ ವೇದಿಕಿ, ಆ ದೀಪ, ಆ ಹೆಂಗಸು
ನನ್ನ ಹೊಟ್ಟಿಯೊಳಗಿಂದ ಹಾದು
ಕೆಳಗ ಇಳದು ಹೋದರು. ನಾ ನೋಡಲಿಲ್ಲ.

ಚಪ್ಪಾಳಿ ನಡುವ ಒಂದು ದನಿ ಎದ್ದಿತು:
"ಅಯ್ಯ! ಅದು ನನ್ನ ಸೀರಿ!"
ಬನಶಂಕ್ರವ್ವ. ಮೂಲಿಮನಿ ಕುಣಿಮಗ್ಗದಾಕಿ.
"ದೇಶದಾಗ ನಿಂದೊಂದ ಮಗ್ಗ ಐತೇನವಾ?" ಅಂದ್ರು.
"ಬಿಳಿ ಕರಿ ಡಬ್ಬಿಯೊಳಗ ಸೀರಿ ಗುರತು ಹಿಡೀತಾಳ ನೋಡ್ರಿ!"
ತಲಿಗಳೆಲ್ಲ ನಗೂವಾಗ ಹ್ಯಾಂಗ ಕುಣೀತಾವ
ಮ್ಯಾಲಿಂದ ನೋಡಿದವರಿಗೇ ಗೊತ್ತು.
ಕರಿ ಟೊಪಗಿ ಒಂದು ಅಲುಗಲಿಲ್ಲ.

ಎಲ್ಲಾರೂ ಹೋದ ಮ್ಯಾಲ ಆಕಿ ನಿಚ್ಚಣಿಕಿ ಹತ್ತಿ ಬಂದಳು.
ಜಂತಿ ಕಿರ್ ಅಂತು. ಅನ್ನಲಿ ಅಂದಳು.
"ಅವರೆಲ್ಲ ನೋಡ್ಯಾರ, ಅದಕ ನಂಬವೊಲ್ಲರು.
ನೀ ನೋಡಿಲ್ಲ. ನೀ ಕೇಳು.
ಮೈ ನೇರಲಹಣ್ಣು, ಮಳಿ ಹೊಡದ ಮ್ಯಾಲಿನ ನೇರಲಹಣ್ಣು.
ದಡಿ ಕುಂಬಳಹೂವಿಂದು, ಮುಂಜಾನಿದ್ದು, ಬಾಡಿದ್ದಲ್ಲ.
ಸೆರಗಿನ ಮೂರನೇ ತೆನ್ಯಾಗ ಒಂದು ಎಳಿ ತಪ್ಪಿತ್ತು,
ಕೂಸಿಗೆ ಜ್ವರಾ ಇತ್ತು ಅವತ್ತ.
ಅಂಬಾಸಾ ಎರಡು ರೂಪಾಯಿ ಮುರಕೊಂಡ.
ಆಕಿ ಬಹುಮಾನ ತಗೊಂಡು ತಿರುಗಿದಳಲ್ಲ,
ಆವಾಗ ಕಂಡಿತು."
"ಯಾವಲ್ಲೆ ತಪ್ಪಿತ್ತು?" ಅಂದೆ.
ನನ್ನ ಬಲಗೈ ಹಿಡದು, ಅಂಗೈ ಬಿಚ್ಚಿಸಿ,
ತುಕ್ಕಿನಾಗ ಉಗುರಲೆ ಒಂದು ಗೆರಿ ಎಳದಳು,
ಎಳೀತಾ ಎಳೀತಾ ಒಂದು ಕಡೆ ಬೆರಳು ಎತ್ತಿ
ಮತ್ತ ಮುಂದ ಇಟ್ಟಳು.
"ಇಲ್ಲೆ."

ಬಹುಮಾನ ಯಾರಿಗೆ ಬಂತೋ, ಆಕಿ ಹೆಸರು ಏನೋ
ಇವತ್ತಿಗೂ ನನಗ ತಿಳೀದು.
ಎರಡು ದಿನ ಬಲಗೈ ತೊಳೀಲಿಲ್ಲ,
ಎಡಗೈಲೆ ಉಂಡೆ,
ಅವ್ವನ ಕಡೆಯಿಂದ ಬೈಸಿಕೊಂಡೆ.